ಗಾಳಿತಗ್ಗಿಗೊಬ್ಬ ಸಾಕ್ಷಿ

ಅಳಿಯನಾದವನಿಗೆ ಮಾವನ ಮನೆಯಲ್ಲಿ ನಡೆಯುವ ಉಪಚಾರವನ್ನು ನೋಡಿ ಲೋಕವೆಲ್ಲ ಹೊಟ್ಟೆಕಿಚ್ಚು ಪಡುತ್ತದೆ. ಕಾಲಿಗೆ ಬಿಸಿನೀರು, ಹೋಳಿಗೆಯ ಮೇಲೆ ತುಪ್ಪ, ಹಬ್ಬಕ್ಕೊಂದು ಧೋತರ, ಇವೆಲ್ಲ ನನಗೂ ಸಿಕ್ಕಿವೆ. ಇಲ್ಲವೆಂದರೆ ಬಾಯಲ್ಲಿ ಹುಳ ಬಿದ್ದೀತು. ಆದರೆ ಇದಕ್ಕೆಲ್ಲ ಬದಲಾಗಿ ಆ ಬಡಪಾಯಿಯಿಂದ ಏನು ವಸೂಲಾಗುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ನನ್ನಿಂದ ವಸೂಲಾದದ್ದು ‘ಹ್ಞೂಂ’. ನಮ್ಮ ಕಡೆ ಒಬ್ಬರು ಕಥೆ ಹೇಳಲು ಕೂತರೆ ಇನ್ನೊಬ್ಬರು ನಡುನಡುವೆ ಹ್ಞೂಂ ಅನ್ನುತ್ತಿರಬೇಕು. ಹ್ಞೂಂ ನಿಂತರೆ ಕಥೆಯೂ ನಿಲ್ಲುತ್ತದೆ, ಹೇಳುವವರ ಮುಖವೂ ಬಾಡುತ್ತದೆ. ಹಾಗಂತ ಎಲ್ಲದಕ್ಕೂ ಒಂದೇ ಹ್ಞೂಂ ನಡೆಯುವುದಿಲ್ಲ. ಸಾದಾ ಸುದ್ದಿಗೆ ಗಿಡ್ಡ ಹ್ಞೂಂ, ದುಃಖಕ್ಕೆ ಎಳೆದ ಹ್ಞೂಂ, ಅನಾಹುತಕ್ಕೆ ಹೊಟ್ಟೆಯ ತಳದಿಂದ ಬರುವ ದೊಡ್ಡ ಹ್ಞೂಂ. ಮದುವೆಯಾದ ಹೊಸದರಲ್ಲಿ ನಾನು ಈ ವಿದ್ಯೆಯಲ್ಲಿ ತೀರ ಹಸಿ ಇದ್ದೆ. ಮಾವನವರ ಕೈಯಲ್ಲಿ ಪಳಗಿದೆ.

ಮಾವ ಚನ್ನಬಸಪ್ಪನವರು ಲಿಂಗಸುಗೂರಿನಲ್ಲಿ ವಕೀಲರು. ನಾನು ಮಸ್ಕಿಯ ಹತ್ತಿ ಜಿನ್ನಿನಲ್ಲಿ ಗುಮಾಸ್ತ. ನಿಜಾಮರ ರಾಜ್ಯದಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಪ್ರತಿ ಶುಕ್ರವಾರ ನಾನು ಮತ್ತು ನನ್ನ ಹೆಂಡತಿ ಶರಣಮ್ಮ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗುವುದು ರೂಢಿ. ಯುದ್ಧ ಮುಗಿದ ಮರುವರ್ಷ ಮಾವನವರ ಕಕ್ಷಿದಾರರಾದ ಒಬ್ಬ ಜಾಗೀರದಾರರು ಔಷಧೋಪಚಾರಕ್ಕೆಂದು ಮದ್ರಾಸಿಗೆ ಹೊರಟರು. ದಾರಿಯಲ್ಲಿ ಖಟ್ಲೆಯ ಮಾತು ಮುಗಿಸಿಕೊಳ್ಳೋಣವೆಂದು ವಕೀಲರನ್ನೂ ಹೈದರಾಬಾದಿನಿಂದ ವಿಮಾನದಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಹವಾಯಿ ಜಹಾಜಿನಲ್ಲಿ, ಕೂರಿಸಿಕೊಂಡು ಹೋದರು. ಹೋದದ್ದು ಒಂದೇ ಸಲ. ಆದರೆ ಆ ಒಂದು ಸಲದಲ್ಲೇ, ಕೃಷ್ಣಾ ನದಿ ದಾಟಿ ಗುಡ್ಡದ ಸಾಲು ಬಂದ ಕೂಡಲೇ ಜಹಾಜು ದಡಕ್ಕನೆ ಕೆಳಗಿಳಿದು ಮತ್ತೆ ಮೇಲೆದ್ದಿತಂತೆ. ಹಿಂದೆ ಕೂತಿದ್ದ ಯಾರೋ ದೊರೆ, ಇದಕ್ಕೆ ಇಂಗ್ಲಿಷಿನಲ್ಲಿ ಗಾಳಿಯ ಕಿಸೆ ಅನ್ನುತ್ತಾರೆ ಎಂದು ತಿಳಿಸಿದನಂತೆ. ಮಾವನವರು ಊರಿಗೆ ಬಂದು ಮೊದಲು ಕಿಸೆಯೆಂದೇ ಹೇಳಿ ನೋಡಿದರು. ಕಿಸೆ ಇದೆ ಅಂದಮೇಲೆ ಅಂಗಿ ಎಲ್ಲಿದೆ, ಅದನ್ನು ಹೊಲಿದವರು ಯಾರು ಎಂದು ಜಗಲಿಯ ಮೇಲಿದ್ದವರು ತಕರಾರು ತೆಗೆದರು. ಹಾಗಾಗಿ ಮರುವಾರ ಅದು ‘ಗಾಳಿತಗ್ಗು’ ಆಯಿತು. ತಗ್ಗು ಅಂದರೆ ಏನೆಂದು ಲಿಂಗಸುಗೂರಿನಿಂದ ಸಿಂಧನೂರಿನ ತನಕ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ರಸ್ತೆಯೇ ಅಂಥದು. ಎರೆಮಣ್ಣಿನ ನೆಲ, ಮಳೆಗಾಲದಲ್ಲಿ ಗಾಡಿಗಳು ತೋಡಿಟ್ಟ ತಗ್ಗು ಬೇಸಿಗೆಗೆ ಕಲ್ಲಾಗಿ ಕೂತಿರುತ್ತದೆ. ಪೆಟ್ರೋಲು ಸಿಗದ ಕಾಲ. ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುವ ಬಸ್ಸು ಆ ಒಂದೊಂದು ತಗ್ಗಿಗೂ ತಪ್ಪದೆ ಹಾಜರಿ ಹಾಕುತ್ತದೆ. ತಗ್ಗುಗಳಿಗೆ ಹೆಸರೂ ಇವೆ. ಗೌಡರ ಮೀಸೆ ಕಂಬಿಗೆ ಸಿಕ್ಕಿದ್ದು ಗೌಡನ ತಗ್ಗು, ಮುದುಕಿಯೊಬ್ಬಳ ಮೊಸರಿನ ಗಡಿಗೆ ತಹಶೀಲಿನ ಪೇಶಕಾರರ ತಲೆಯ ಮೇಲೆ ಒಡೆದದ್ದು ಮೊಸರಿನ ತಗ್ಗು. ದಿನವೂ ಓಡಾಡುವವರು ಲಿಂಗಸುಗೂರಿನಲ್ಲಿ ಕಣ್ಣು ಮುಚ್ಚಿದರೆ ಸಿಂಧನೂರಿನಲ್ಲೇ ತೆರೆಯುವುದು. ತಗ್ಗು ಬಂದಾಗ ಅವರ ತಲೆ ಮೇಲಿನ ತಗಡಿಗೆ ಹೋಗಿ ತಾಗಿ ಮತ್ತೆ ಹೆಗಲ ಮೇಲೆ ಬಂದು ಕೂರುತ್ತದೆ. ಗೊರಕೆ ಮಾತ್ರ ಕಡಿಯುವುದಿಲ್ಲ. ಮದುವೆಗೆಂದು ದೂರದಿಂದ ಬಂದ ಬೀಗರು ಮಾತ್ರ ‘ಶಿವಶಿವಾ’ ಎಂದು ಪಕ್ಕದವರ ರುಮಾಲು ಹಿಡಿದುಕೊಳ್ಳುತ್ತಾರೆ.

ಇಂಥ ಜನರ ಮುಂದೆ ಆಕಾಶದಲ್ಲೂ ತಗ್ಗಿದೆ ಅಂದರೆ ಪ್ರಶ್ನೆಗಳಿಗೆ ಬರವೇ? ರಸ್ತೆ ಕೆಲಸದ ಗುತ್ತೇದಾರನೊಬ್ಬ, ಆ ತಗ್ಗು ಮುಚ್ಚುವ ಗುತ್ತಿಗೆ ಯಾರಿಗೆ ಕೊಟ್ಟಿದ್ದಾರೆ, ಮುರಂ ಮಣ್ಣು ಎಲ್ಲಿಂದ ಸಾಗಿಸುತ್ತಾರೆ ಎಂದು ಬಹಳ ಗಂಭೀರವಾಗಿ ಕೇಳಿದ. ಜಹಾಜು ನಡೆಸುವವನು ಆ ದಾರಿಗೆ ಹೊಸಬನಿರಬೇಕು, ಹಳಬನಾದರೆ ತಗ್ಗು ಎಲ್ಲಿದೆಯೆಂದು ತಿಳಿದು ಮಗ್ಗುಲಿಗೆ ಹೊಡೆದುಕೊಂಡು ಹೋಗುತ್ತಿದ್ದ ಎಂದು ನಮ್ಮ ಬಸ್ಸಿನ ಡ್ರೈವರು ತೀರ್ಮಾನ ಕೊಟ್ಟ. ಶಾಲೆಯ ಮಾಸ್ತರರು, ತಗ್ಗಿನೊಳಗೆ ಗಾಳಿಯೇ ಇರುವುದಿಲ್ಲ, ಅದಕ್ಕೇ ಜಹಾಜು ಕಲ್ಲಿನ ಹಾಗೆ ಬೀಳುತ್ತದೆ ಎಂದು ಶಾಸ್ತ್ರ ಹೇಳಿದರು. ಮುಂದಿನ ಶುಕ್ರವಾರದಿಂದ ಮಾವನವರ ಕಥೆಯಲ್ಲಿ ಉಸಿರು ಕಟ್ಟಿದ ಭಾಗವೂ ಸೇರಿಕೊಂಡಿತು. ಆಳವೂ ವಾರದಿಂದ ವಾರಕ್ಕೆ ಇಳಿಯುತ್ತ ಹೋಯಿತು. ಮೊದಲು ಒಂದಾಳು, ಆಮೇಲೆ ಸೇದುವ ಬಾವಿ, ದಸರೆಯ ಹೊತ್ತಿಗೆ ಮಸ್ಕಿ ಮಲ್ಲಯ್ಯನ ಗುಡ್ಡವನ್ನು ತಲೆಕೆಳಗು ಮಾಡಿ ಇಟ್ಟಷ್ಟು. ನಾನು ಆಳಕ್ಕೆ ತಕ್ಕ ಹ್ಞೂಂ ಕೊಡುತ್ತ ಬಂದೆ. ಕಥೆ ಬಸ್ಸು ಹತ್ತಿ ಸಿಂಧನೂರು ಮುಟ್ಟಿದಾಗ ಜಹಾಜು ತಗ್ಗಿನಲ್ಲೇ ಸಿಕ್ಕಿಬಿದ್ದು, ಇನ್ನೊಂದು ಜಹಾಜು ಬಂದು ಹಗ್ಗ ಹಾಕಿ ಎಳೆದಿತ್ತು. ಇದನ್ನು ನನಗೇ ವರ್ಣಿಸಿದ ಅಲ್ಲಿಯ ವ್ಯಾಪಾರಿ, ಹಗ್ಗ ತನ್ನ ಅಂಗಡಿಯದೇ ಎಂದೂ ಸೇರಿಸಿದ.

ಹೀಗೆ ಎಲ್ಲರೂ ಸುಖವಾಗಿರುವಾಗ ಹಣಮಂತರಾಯರು ಬಂದು ಕೆಡಿಸಿದರು. ಅವರೂ ಲಿಂಗಸುಗೂರಿನ ವಕೀಲರೇ. ಅದಾಲತ್ತಿನಲ್ಲಿ ಮಾವನವರಿಗೆ ಎದುರಾಳಿ, ಸಂಜೆಗೆ ಸ್ನೇಹಿತರು. ಒಂದು ಶುಕ್ರವಾರ ಜಗಲಿಗೆ ಬಂದು ಕಥೆಯನ್ನು ಪೂರ್ತಿ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ, ಪಕ್ಕದಲ್ಲಿದ್ದ ಜಾಗೀರದಾರರು ಆ ಹೊತ್ತಿನಲ್ಲಿ ಏನಂದರು ಎಂದು ಮೆಲ್ಲಗೆ ಕೇಳಿದರು. ಮಾವನವರು ಕಥೆ ಎಷ್ಟು ಬೆಳೆಸಿದರೂ ನೇರ ಪ್ರಶ್ನೆಗೆ ಸುಳ್ಳು ಹೇಳುವವರಲ್ಲ. ಜಾಗೀರದಾರರಿಗೆ ನಿದ್ದೆ ಹತ್ತಿತ್ತು, ಎಚ್ಚರವಾಗಲಿಲ್ಲ ಅಂದರು.

‘ಅಲ್ರೀ ವಕೀಲಸಾಹೇಬ್ರ, ಮಲ್ಲಯ್ಯನ ಗುಡ್ಡದಷ್ಟು ಕೆಳಗ ಬಿದ್ರೂ ಮಗ್ಗಲಾಗ ಮಲಗಿದ ಮನಷ್ಯಾಗ ಎಚ್ಚರ ಆಗಂಗಿಲ್ಲ ಅಂದ್ರ, ಅದು ತಗ್ಗೋ, ನಿಮಗ ಬಿದ್ದ ಕನಸೋ?’ ಅಂದರು ರಾಯರು. ‘ಸಾಕ್ಷಿ ಇಲ್ಲ. ಖಟ್ಲೆ ಖಾರಿಜ್ ನೋಡ್ರಿ.’

ಜಗಲಿಗೆ ಜಗಲಿಯೇ ನಕ್ಕಿತು. ಹ್ಞೂಂ ಅನ್ನಬೇಕೋ ಬೇಡವೋ ತಿಳಿಯದೆ ನಾನು ಕೆಮ್ಮಿದೆ. ಅಂದಿನಿಂದ ಮಾವನವರು ತಗ್ಗಿನ ಮಾತೆತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ. ಬಜಾರಿನಲ್ಲಿ ಯಾರಾದರೂ ದೊಡ್ಡ ಮಾತಾಡಿದರೆ ‘ಬಿಡಪಾ, ವಕೀಲರ ತಗ್ಗು’ ಅನ್ನುವುದು ರೂಢಿಗೆ ಬಂದಿತ್ತು. ಶುಕ್ರವಾರ ಜಗಲಿಯ ಮೇಲೆ ನಾವಿಬ್ಬರೇ ಕೂತು ಬೀದಿ ನೋಡುತ್ತಿದ್ದೆವು. ಹ್ಞೂಂ ಅನ್ನುವುದು ತಪ್ಪಿತಲ್ಲ ಎಂದು ನಾನು ಹಿಗ್ಗಬೇಕಾಗಿತ್ತು. ಆದರೆ ಅಷ್ಟು ಮಾತಿನ ಮನುಷ್ಯ ಸುಮ್ಮನೆ ಕೂತಿದ್ದನ್ನು ನೋಡಿ ನನಗೆ ಹೋಳಿಗೆಯೂ ರುಚಿಸಲಿಲ್ಲ. ಇದ್ದ ಜೀವಮಾನಕ್ಕೆ ಅವರಿಗೆ ಒದಗಿದ್ದು ಅದೊಂದು ಬೆರಗು. ಅದನ್ನೂ ಕಸಿದುಕೊಂಡರೆ ಹೇಗೆ? ಅಪ್ಪಾರು ಸೊರಗ್ಯಾರ, ಏನರ ಮಾಡ್ರಿ ಎಂದು ಶರಣಮ್ಮ ಬಸ್ಸಿನುದ್ದಕ್ಕೂ ನನ್ನನ್ನು ಕಾಡಿದಳು.

ದೇವರು ಮಾಡಿಸಬೇಕೆಂದಾಗ ಜಿನ್ನಿನ ಎಂಜಿನ್ನನ್ನೂ ಕೆಡಿಸುತ್ತಾನೆ. ಹತ್ತಿಯ ಸುಗ್ಗಿ ಜೋರಾಗಿರುವಾಗ ನಮ್ಮ ಎಂಜಿನ್ನಿನ ಹಲ್ಲುಗಾಲಿಯೊಂದು ಮುರಿಯಿತು. ಅಂಗಳದಲ್ಲಿ ಹತ್ತಿ ಗುಡ್ಡೆ ಬಿದ್ದಿತು. ಅಂಥ ಗಾಲಿ ಮದ್ರಾಸಿನಲ್ಲಿ ಮಾತ್ರ ಸಿಗುತ್ತದೆಂದು ತಿಳಿಯಿತು. ಜಿನ್ನಿನ ಮಾಲಿಕರು ಸಿಂಧನೂರಿನ ಸಾಹುಕಾರರು, ಅವಸರದ ಮನುಷ್ಯ. ಹವಾಯಿ ಜಹಾಜಿನಲ್ಲಿ ಹೋಗಿ ಹಿಡಿದುಕೊಂಡು, ರೈಲಿನಲ್ಲಿ ತಂದುಬಿಡು ಎಂದು ನನಗೆ ಅಪ್ಪಣೆಯಾಯಿತು. ಸುದ್ದಿ ಲಿಂಗಸುಗೂರು ಮುಟ್ಟಿದ ಮರುದಿನವೇ ಮಾವನವರು ಕರಿ ಕೋಟು ತೊಟ್ಟು, ಕೈಚೀಲ ಹಿಡಿದು ಮಸ್ಕಿಯಲ್ಲಿ ಬಸ್ಸಿನಿಂದಿಳಿದರು. ಎಷ್ಟೋ ತಿಂಗಳ ಮೇಲೆ ಅವರ ಕಣ್ಣಿನಲ್ಲಿ ಬೆಳಕಿತ್ತು.

‘ಅಳಿಯಾರ, ನನ್ನ ಟಿಕೀಟು ನಂದ. ನಾನೂ ಬರ್ತೀನಿ’ ಅಂದರು. ‘ತಗ್ಗು ಎಲ್ಲಿ ಐತಿ ಅನ್ನೂದು ನಿಮಗ ಕಣ್ಣಾರೆ ತೋರಸ್ತೀನಿ. ನೀವ ನನ್ನ ಸಾಕ್ಷಿ.’

ಅಡ್ಡ ಬಂದವಳು ಶರಣಮ್ಮ. ಅಪ್ಪನ ಕಥೆಯನ್ನು ಅವಳಷ್ಟು ಗಟ್ಟಿಯಾಗಿ ನಂಬಿದವರು ಇನ್ನೊಬ್ಬರಿಲ್ಲ. ಅಪ್ಪಾರು ಒಮ್ಮೆ ಬಿದ್ದು ಎದ್ದು ಬಂದವರು, ಅವರಿಗೇನೂ ಆಗದು. ಆದರೆ ನನ್ನ ಕಥೆ ಬೇರೆ, ನಾನು ಮೊಣಕಾಲುದ್ದದ ಹಳ್ಳದಲ್ಲಿ ಮುಳುಗಿದವನು ಎಂದು ಅವಳ ವಾದ. ಮೊಣಕಾಲುದ್ದ ಅಲ್ಲ, ಸೊಂಟದುದ್ದ ಇತ್ತು, ಇರಲಿ. ನಾನು ನನಗೆ ತಿಳಿದ ಶಾಸ್ತ್ರವನ್ನೆಲ್ಲ ಹೇಳಿ ನೋಡಿದೆ. ಕೊನೆಗೆ ಅವಳೇ ಒಂದು ಷರತ್ತು ಹಾಕಿದಳು. ಬಾವಿಯಲ್ಲಿ ಈಜು ಕಲಿಯುವ ಹುಡುಗರ ಬೆನ್ನಿಗೆ ಮುಳುಗದ ಹಾಗೆ ಕಟ್ಟುತ್ತಾರಲ್ಲ, ಆ ಒಣಗಿದ ಬೆಂಡು, ಅದನ್ನು ಪಕ್ಕದ ಮನೆಯಿಂದ ತಂದು ನನ್ನ ಮುಂದಿಟ್ಟಳು. ತಗ್ಗು ಅಂದರೆ ಬಾವಿ ಇದ್ದ ಹಾಗೆ, ಬೆಂಡು ಕಟ್ಟಿಕೊಂಡವರು ಮುಳುಗಿದ್ದನ್ನು ತಾನು ಕಂಡಿಲ್ಲ ಅಂದಳು. ಬಾವಿಯಲ್ಲಿ ನೀರಿರುತ್ತದೆ, ಆಕಾಶದಲ್ಲಿ ಎಲ್ಲಿದೆ ಎಂದು ಕೇಳಿದೆ.

‘ಗಾಳಿ ಐತಲ್ರೀ’ ಅಂದಳು. ‘ಅಪ್ಪಾರ ಮಾನ ಉಳೀಬೇಕು, ನೀವೂ ಉಳೀಬೇಕು. ಇಳಿಯೂ ತನಕ ಬಿಚ್ಚಬ್ಯಾಡ್ರಿ. ನನ್ನ ಮ್ಯಾಲೆ ಆಣಿ.’

ಅವಳ ಕಣ್ಣು ತುಂಬಿತ್ತು. ನನ್ನ ಶಾಸ್ತ್ರವೆಲ್ಲ ಅಲ್ಲಿಗೆ ಮುಗಿಯಿತು. ಅಂಗಿಯ ಮೇಲೆ ಬೆಂಡು, ಬೆಂಡಿನ ಮೇಲೆ ಮಾವನವರದೇ ಒಂದು ಹಳೆಯ ಕೋಟು. ರಾಯಚೂರಿನ ತನಕ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ಹೈದರಾಬಾದಿಗೆ ಹೋಗುವಾಗ ಎಲ್ಲರೂ ನನಗೆ ಇಬ್ಬರ ಜಾಗ ಬಿಟ್ಟರು.

ಜಹಾಜು ಏರಿಳಿಯುವ ಅಡ್ಡೆಯಲ್ಲಿ ಪೆಟ್ಟಿಗೆಗಳ ಜೊತೆಗೆ ಮನುಷ್ಯರನ್ನೂ ತೂಗುತ್ತಾರೆಂದು ಮಾವನವರು ಹೇಳಿದ್ದರು. ಅದು ಮಾತ್ರ ಕಥೆಯಲ್ಲಿ ಸೇರಿಸಿದ್ದಲ್ಲ, ಖರೆಯೇ. ದಿನಬೆಳಗಾದರೆ ಹತ್ತಿ ತೂಗಿಸುವ ನಾನು ಅಂದು ಚೀಲದ ಹಾಗೆ ತಕ್ಕಡಿಯ ಹಲಗೆ ಹತ್ತಿ ನಿಂತೆ. ತೂಗುವ ಸಾಹೇಬರು ನನ್ನ ಗಾತ್ರ ನೋಡಿದರು, ಮುಳ್ಳು ನೋಡಿದರು, ಮತ್ತೆ ನನ್ನನ್ನು ನೋಡಿದರು. ತಕ್ಕಡಿ ಕೆಟ್ಟಿದೆಯೆಂದು ತಾವೇ ಹತ್ತಿ ಪರೀಕ್ಷಿಸಿ, ಮತ್ತೊಮ್ಮೆ ನನ್ನನ್ನು ಹತ್ತಿಸಿದರು. ಇಷ್ಟು ದಪ್ಪದ ಆಸಾಮಿ ಇಷ್ಟು ಹಗುರವಾಗಿದ್ದು ಅವರ ನೌಕರಿಯಲ್ಲೇ ಮೊದಲಿರಬೇಕು. ಏನಾದರೂ ಕಾಯಿಲೆಯೇ ಎಂದು ಉರ್ದುವಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದರು. ಹೆಂಡತಿ ಎಂದು ಹೇಳಲಾದೀತೇ? ಹೌದೆಂದೆ.

ಜಹಾಜು ಏರಿತು. ನನ್ನ ಜೀವ ಅಂಗೈಯಲ್ಲಿತ್ತು, ಅಂಗೈ ಬೆಂಡಿನ ಮೇಲಿತ್ತು. ಮಾವನವರು ಮಾತ್ರ ಕಿಟಕಿಗೆ ಮುಖ ಕೊಟ್ಟು, ಸ್ವಂತ ಹೊಲಕ್ಕೆ ಹೊರಟವರ ಹಾಗೆ ಗುರುತು ಹೇಳುತ್ತಿದ್ದರು. ಕೃಷ್ಣೆ ಬಂದಳು, ಹೋದಳು. ಗುಡ್ಡದ ಸಾಲು ಕಂಡ ಕೂಡಲೇ ನನ್ನ ತೊಡೆ ತಟ್ಟಿ, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಸನ್ನೆ ಮಾಡಿದರು. ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಜಹಾಜು ತುಪ್ಪದಲ್ಲಿ ಬೆರಳಾಡಿಸಿದ ಹಾಗೆ ಸಾಗಿತು. ಕಣ್ಣು ತೆರೆದಾಗ ಮಾವನವರು ಕಿಟಕಿಯಿಂದ ಹಿಂದೆ ಹೋದ ಗುಡ್ಡಗಳನ್ನೇ ನೋಡುತ್ತಿದ್ದರು.

‘ಇಲ್ಲೇ ಇತ್ತಲ್ರೀ ಅಳಿಯಾರ’ ಅಂದರು. ಗಾಜಿಗೆ ಹಣೆ ಹಚ್ಚಿ ಇನ್ನೊಮ್ಮೆ ನೋಡಿ, ‘ಮುಚ್ಯಾರೇನು?’ ಅಂದರು.

ಗುತ್ತೇದಾರನ ಹೆಸರೆತ್ತಿ ನಗಿಸಲು ನೋಡಿದೆ. ಅವರು ನಗಲಿಲ್ಲ. ಮುಂದಿನ ತಗ್ಗಾದರೂ ಬಂದೀತೆಂದು ಬಗ್ಗಿ ಬಗ್ಗಿ ನೋಡಿದರು. ಕೋರ್ಟಿನಲ್ಲಿ ತಮ್ಮ ಸಾಕ್ಷಿಯೇ ತಿರುಗಿಬಿದ್ದ ವಕೀಲರ ಮುಖ ಹೇಗಿರುತ್ತದೆಂದು ನಾನು ಅಂದು ಕಂಡೆ. ‘ಮಲ್ಲಯ್ಯಾ, ಒಂದು ಸಣ್ಣ ತಗ್ಗಾದರೂ ಕೊಡಪ್ಪಾ’ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೇಡಬಾರದಿತ್ತು. ನೋಡಿ ನೋಡಿ ದಣಿದ ಮಾವನವರು ರುಮಾಲು ಕಣ್ಣಿನ ಮೇಲೆ ಎಳೆದುಕೊಂಡು ನಿದ್ದೆ ಹೋದರು. ಬಿಸಿಲೇರಿತು. ಮದ್ರಾಸು ಹತ್ತಿರವಾಯಿತೆಂದು ಯಾರೋ ಅಂದರು. ಎಲ್ಲರ ಮುಂದೆಯೂ ಚಹಾ ಇತ್ತು. ಆಗ ಬಂತು.

ಹೇಗಿತ್ತು ಅಂದರೆ ಏನು ಹೇಳಲಿ. ನನ್ನ ಕೆಳಗಿನ ಕುರ್ಚಿ ಹೋಯಿತು, ಹೊಟ್ಟೆ ಗಂಟಲಿಗೆ ಬಂತು, ಹಿರಿಯರೆಲ್ಲ ಸಾಲಾಗಿ ಕಣ್ಣ ಮುಂದೆ ನಿಂತರು. ಸಾಯುವ ಹೊತ್ತಿಗೆ ಬಾಯಲ್ಲಿ ದೇವರ ಹೆಸರು ಬರಬೇಕೆನ್ನುತ್ತಾರೆ. ನನ್ನ ಬಾಯಿಂದ ಬಂದದ್ದು ‘ಹ್ಞೂಂ’! ಅಷ್ಟು ವರ್ಷದ ಅಭ್ಯಾಸ. ಜಹಾಜು ಬಿದ್ದಿತು ಅಂದ ಕೂಡಲೇ ನಾಲಿಗೆ ತನ್ನ ಕೆಲಸ ಮಾಡಿತು. ಎಮ್ಮೆ ಒದರಿದಂಥ ಆ ಹ್ಞೂಂಕಾರಕ್ಕೆ ಜಹಾಜಿನ ಮಂದಿಯೆಲ್ಲ ತಿರುಗಿ ನೋಡಿದರು. ಒಂದು ಕೈಯಲ್ಲಿ ಬೆಂಡು, ಇನ್ನೊಂದು ಕೈಯಲ್ಲಿ ಮಾವನವರ ಮಣಿಕಟ್ಟು ಹಿಡಿದು ನಾನು ಮಲ್ಲಯ್ಯನ ಗುಡ್ಡದ ತುದಿಯಿಂದ ಬುಡದ ತನಕ ಇಳಿದು ಹೋದೆ. ಮಾವನವರ ಗೊರಕೆ ಮಾತ್ರ ಕಡಿಯಲಿಲ್ಲ.

ಇಳಿದ ಮೇಲೆ ಜಹಾಜು ನಡೆಸಿದವರು ಎದುರಿಗೆ ಸಿಕ್ಕರು. ಎಷ್ಟು ಆಳದ ತಗ್ಗಿಗೆ ಬಿದ್ದೆವೆಂದು ಕೇಳಿಯೇಬಿಟ್ಟೆ. ಅವರು ನಕ್ಕು, ಆಕಾಶದಲ್ಲಿ ತಗ್ಗೂ ಇಲ್ಲ, ಗಾಳಿಯಿಲ್ಲದ ಜಾಗವೂ ಇಲ್ಲ ಅಂದರು. ಬಿಸಿಲಿಗೆ ನೆಲ ಕಾದಾಗ ಗಾಳಿ ಒಂದು ಕಡೆ ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ, ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ನಾವು ಒಂದಾಳು ಎತ್ತರ ಇಳಿದಿದ್ದರೆ ಹೆಚ್ಚು ಎಂದು ವಿವರಿಸಿದರು. ನನ್ನ ಚಹಾ ಕಪ್ಪಿನಿಂದ ಬಸಿಗೆ ಚೆಲ್ಲಿತ್ತು, ಅಷ್ಟೇ, ಧೋತರಕ್ಕೆ ಬಿದ್ದಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು. ನಂಬಲೇಬೇಕಾಯಿತು. ಆದರೆ ನನ್ನ ಹೊಟ್ಟೆ ಇವತ್ತಿಗೂ ಒಪ್ಪಿಲ್ಲ. ಮಾವನವರು ಸುಳ್ಳು ಹೇಳಿರಲಿಲ್ಲವೆಂದು ನನಗೆ ಅಂದು ಗೊತ್ತಾಯಿತು. ಗಾಳಿಯ ಲೆಕ್ಕ ಒಂದಾಳು, ಹೊಟ್ಟೆಯ ಲೆಕ್ಕ ಒಂದು ಗುಡ್ಡ. ಅವರು ಹೊಟ್ಟೆಯ ಲೆಕ್ಕ ಹೇಳಿದ್ದರು.

ಅದಕ್ಕೂ ಮೊದಲು, ಜಹಾಜಿನಲ್ಲೇ ಮಾವನವರಿಗೆ ಎಚ್ಚರವಾದಾಗ ನಾನಿನ್ನೂ ಅವರ ಮಣಿಕಟ್ಟು ಬಿಟ್ಟಿರಲಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡು, ಬಂತೇ ಎಂದು ಕೇಳಿದ್ದರು. ಬಂತು ಅಂದಾಗ ಹಿಗ್ಗಿದರು. ತಾವು ಮಲಗಿಬಿಟ್ಟಿದ್ದು ನೆನಪಾಗಿ ಅಲ್ಲೇ ಕುಗ್ಗಿದರು. ಜಾಗೀರದಾರರಿಗೆ ಬಂದ ಪಾಡು ಈಗ ತಮಗೇ ಬಂದಿತ್ತು. ಹಣಮಂತರಾಯರಿಗೆ ಇದು ಗೊತ್ತಾದರೆ ಮುಗಿಯಿತು. ಗಾಲಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ರಾಯಚೂರಿನ ರೈಲು ಹತ್ತಿದ ಮೇಲೆ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು ಸಾಕ್ಷಿ ಕಲಿಸಿದರು. ಕೇಳಿದ್ದಕ್ಕಷ್ಟೇ ಜವಾಬು, ಜಹಾಜು ನಡೆಸುವವರ ಮಾತು ಬೇಡ, ತಾವು ಮಲಗಿದ್ದು ಯಾರೂ ಕೇಳುವುದಿಲ್ಲ, ನಾನಾಗಿ ಹೇಳಲೇಬಾರದು. ಗುಂತಕಲ್ಲು ದಾಟುವ ಹೊತ್ತಿಗೆ ನನಗೆಲ್ಲ ಬಾಯಿಪಾಠವಾಗಿತ್ತು.

ಶುಕ್ರವಾರ ಜಗಲಿ ಕಿಕ್ಕಿರಿದಿತ್ತು. ಗುತ್ತೇದಾರ, ಮಾಸ್ತರರು, ಬಸ್ಸಿನ ಡ್ರೈವರು ಎಲ್ಲರೂ ಬಂದಿದ್ದರು. ಹಣಮಂತರಾಯರು ನಡುವೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬಾಗಿಲ ಸಂದಿಯಲ್ಲಿ ಶರಣಮ್ಮ. ನಾನು ಶುರು ಮಾಡಿದೆ. ಮೊದಲು ಪಾಠದಂತೆಯೇ ನಡೆಯಿತು. ಆದರೆ ಜಹಾಜು ಬಿತ್ತು ಅಂದ ಕೂಡಲೇ ಅಷ್ಟು ಮಂದಿ ಒಟ್ಟಿಗೆ ‘ಹ್ಞೂಂ’ ಅಂದರು ನೋಡಿ! ಜೀವಮಾನವೆಲ್ಲ ಇನ್ನೊಬ್ಬರಿಗೆ ಹ್ಞೂಂ ಅಂದವನಿಗೆ ತನಗೇ ಹ್ಞೂಂ ಸಿಕ್ಕರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅಮಲೇರಿತು. ಗುಡ್ಡ ಸಾಲದೆ ಗುಡ್ಡದ ಕೆಳಗೊಂದು ಬಾವಿಯನ್ನೂ ತೋಡಿದೆ. ಅನಾಹುತಕ್ಕೆ ಇನ್ನಷ್ಟು ಕಳೆ ಬರಲೆಂದು, ಜಹಾಜು ಪಾತಾಳಕ್ಕೆ ಹೊರಟಿತ್ತು, ಗಾಳಿ ಭೋರೆನ್ನುತ್ತಿತ್ತು, ಆ ಸಪ್ಪಳದಲ್ಲೂ ನನ್ನ ಕಿವಿಗೆ ಕೇಳಿಸುತ್ತಿದ್ದದ್ದು ಮಾವನವರ ಗೊರಕೆ ಒಂದೇ ಅಂದುಬಿಟ್ಟೆ.

ಹ್ಞೂಂ ಬರಲಿಲ್ಲ. ರಾಯರ ಕೈಯಲ್ಲಿದ್ದ ಎಲೆ ಅರ್ಧಕ್ಕೇ ನಿಂತಿತು. ‘ಹಂಗಂದ್ರ ವಕೀಲಸಾಹೇಬ್ರೂ ಮಲಗಿದ್ರು?’ ಅಂದರು. ಭೂಮಿ ಬಾಯಿ ಬಿಟ್ಟಿದ್ದರೆ, ಅದು ಎಷ್ಟು ಆಳವೆಂದು ಕೇಳದೆ ನಾನು ಅದರೊಳಗೆ ಇಳಿಯುತ್ತಿದ್ದೆ. ಒಳಗೆ ಶರಣಮ್ಮನ ಕೈಯಲ್ಲಿದ್ದ ಬಟ್ಟಲು ಸಪ್ಪಳ ಮಾಡಿತು. ಮಾವನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು, ಕೊಡವಿದರು, ಮತ್ತೆ ತಲೆಗೆ ಇಟ್ಟುಕೊಂಡರು.

‘ಹೌದ್ರಿ, ಮಲಗಿದ್ದೆ’ ಅಂದರು. ‘ರಾಯರ, ನೀವು ಖಟ್ಲೆ ಪೇಶಿಗೆ ಸಿಂಧನೂರಿಗೆ ಬಸ್ಸಿನ್ಯಾಗ ಹೋಗ್ತೀರಿ. ಇಲ್ಲಿ ಮಲಗಿದವರು ಅಲ್ಲೇ ಏಳ್ತೀರಿ. ನಿಮಗ ಎಚ್ಚರ ಆಗಂಗಿಲ್ಲ ಅಂತ, ಈ ರಸ್ತಾದಾಗ ತಗ್ಗ ಇಲ್ಲ ಅಂತ ಬರದುಕೊಡ್ತೀರೇನು?’

ಬಸ್ಸಿನ ಡ್ರೈವರು ಮೊದಲು ನಕ್ಕ. ರಾಯರು ಬಾಯಿ ತೆರೆದರು, ಎಲೆಯನ್ನು ಹಾಕಿಕೊಂಡು ಮುಚ್ಚಿದರು.

‘ಜಾಗೀರದಾರ್ರು ಜಹಾಜಿಗೆ ಹಳಬರು, ಏಳಲಿಲ್ಲ. ಮೊದಲನೇ ಸಲ ನಾ ಹೊಸಬ, ನನಗ ಗೊತ್ತಾತು. ಈ ಸಲ ನಾನೂ ಹಳಬ ಆಗೀನಿ, ಮಲಗಿದ್ದೆ. ಗೊತ್ತಾಗಬೇಕಾದ ಹೊಸಬರು ಇಲ್ಲೇ ಕುಂತಾರ ನೋಡ್ರಿ.’

ಎಲ್ಲರೂ ನನ್ನನ್ನು ನೋಡಿದರು. ಜಗಲಿಗೆ ಜಗಲಿಯೇ ಮತ್ತೆ ನಕ್ಕಿತು. ಈ ಸಲ ಯಾರನ್ನು ನೋಡಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಹಣಮಂತರಾಯರೇ ಎದ್ದು ಬಂದು ಮಾವನವರ ಕೈಗೆ ಎಲೆ ಕೊಟ್ಟು, ಡಿಕ್ರಿ ನಿಮ್ಮ ಕಡೆಗೇ ಆಯಿತು ಎಂದು ಒಪ್ಪಿಕೊಂಡರು. ಶರಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎಲ್ಲರಿಗೂ ಚಹಾ ತಂದಳು. ಅಪ್ಪನ ಬಟ್ಟಲಿಗೆ ಸಕ್ಕರೆ ಹೆಚ್ಚಿಗೆ ಬಿದ್ದಿತ್ತು.

ಮಾವನವರು ಚಹಾ ಹೀರಿ, ಗೋಡೆಗೆ ಒರಗಿ, ಹಳೆಯ ದನಿಯಲ್ಲಿ ಹೊಸ ಕಥೆ ಎತ್ತಿಕೊಂಡರು: ಜಹಾಜು ಬಿದ್ದಾಗ ತಮ್ಮ ಅಳಿಯಂದಿರು ಕೋಟಿನೊಳಗೆ ಕಟ್ಟಿದ್ದ ಬೆಂಡನ್ನು ಹೇಗೆ ಅಪ್ಪಿಕೊಂಡರು, ಹೇಗೆ ಎಮ್ಮೆಯ ಹಾಗೆ ಒದರಿದರು, ಮದ್ರಾಸಿನ ಮಂದಿ ಹೇಗೆ ತಿರುಗಿ ನೋಡಿದರು. ಅಷ್ಟು ಹೊತ್ತೂ ಗೊರಕೆ ಹೊಡೆಯುತ್ತಿದ್ದವರಿಗೆ ಇದೆಲ್ಲ ಹೇಗೆ ಕಂಡಿತೆಂದು ಕೇಳುವ ಹಕ್ಕು ನನಗೊಬ್ಬನಿಗೇ ಇತ್ತು. ಅವರು ಒಂದು ಗಳಿಗೆ ಮಾತು ನಿಲ್ಲಿಸಿ, ತಲೆ ವಾರೆ ಮಾಡಿ ನನ್ನ ಕಡೆ ನೋಡಿದರು.

‘ಹ್ಞೂಂ’ ಅಂದೆ.